ಹಳೇ ಬ್ಯಾಂಡಿನ ಶೋನಲ್ಲಿ ಹೊಸ ಹಾಡು ಬಂದಾಗ ಎದ್ದು ಹೋಗಬಹುದಾ?

ಇಷ್ಟದ ಎಂಬತ್ತರ ದಶಕದ ಬ್ಯಾಂಡು ಎಷ್ಟೋ ವರ್ಷದ ಮೇಲೆ ಆಲ್ಬಮ್ ತರ್ತಾ ಇದೆ, ಸೆಟ್‌ಲಿಸ್ಟ್ (ಶೋನಲ್ಲಿ ನುಡಿಸುವ ಹಾಡುಗಳ ಪಟ್ಟಿ) ತುಂಬ ಹೊಸ ಹಾಡುಗಳೇ, ಟಿಕೆಟ್ ಮಾರಿಬಿಡಲಾ ಇಲ್ಲ ಹೊಸದು ಬಂದಾಗೆಲ್ಲ ಆಚೆ ಹೋಗಿ ಬರಲಾ ಅಂತ ಕೇಳಿದ್ದೀರಿ. ಆಚೆ ಹೋಗಿ ಬರುವ ಐಡಿಯಾ ಇದೆಯಲ್ಲ, ಅದನ್ನ ನಾನು ಮಾಡಿ ನೋಡಿದ್ದೇನೆ.

ಡಿಸೆಂಬರ್ 2022, ಲಂಡನ್ನಿನ ವೆಂಬ್ಲಿ ಅರೀನಾ, ಬ್ರಿಟನ್ನಿನ ರಾಕ್ ಬ್ಯಾಂಡ್ ದಿ ಕ್ಯೂರ್. ಆಗ ನಾನು ಕೆಲಸದ ಮೇಲೆ ಇಂಗ್ಲೆಂಡಿನಲ್ಲಿದ್ದೆ. ಬ್ಯಾಂಡಿನ ಕೊನೆಯ ಆಲ್ಬಮ್ ಬಂದಿದ್ದು 2008ರಲ್ಲಿ. ಹೊಸದು ಬರುತ್ತೆ, ಬಂತು ಅಂತ ಬ್ಯಾಂಡಿನ ಗಾಯಕ ರಾಬರ್ಟ್ ಸ್ಮಿತ್ 2019ರಿಂದ ಹೇಳ್ತಾನೇ ಇದ್ದ. ಆಲ್ಬಮ್ ಬರಲಿಲ್ಲ, ಟೂರ್ ಮಾತ್ರ ಶುರುವಾಯಿತು. ನನಗಂತೂ ಕಾಲೇಜಿನಲ್ಲಿ ಕೇಳಿದ 'ಡಿಸ್‌ಇಂಟಿಗ್ರೇಷನ್' ಆಲ್ಬಮ್ಮಿನ ಹಾಡುಗಳು ಬೇಕಿತ್ತು, ಅಷ್ಟೇ.

ಟೂರ್ ಅಕ್ಟೋಬರಿನಲ್ಲೇ ಲಾಟ್ವಿಯಾದ ರೀಗಾದಲ್ಲಿ ಶುರುವಾಗಿದ್ದರಿಂದ ಯಾವ ಹಾಡು ಯಾವಾಗ ಬರುತ್ತೆ ಅನ್ನೋದೆಲ್ಲ ನೆಟ್‌ನಲ್ಲಿ ಸಿಗ್ತಿತ್ತು. ಅದನ್ನ ಫೋನಿಗೆ ಇಳಿಸಿಕೊಂಡೆ, ಹೊಸ ಹಾಡುಗಳಿಗೆಲ್ಲ ಗುರುತು ಹಾಕಿದೆ. ಮೇನ್ ಸೆಟ್ಟಿನ ಕೊನೆಗೆ 'ಎಂಡ್‌ಸಾಂಗ್'. ಹತ್ತು ನಿಮಿಷ ಮೀರಿದ ಹಾಡು, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಹೊತ್ತು ಸ್ಮಿತ್ ಬಾಯೇ ಬಿಡಲ್ಲ. ಅದು ಮುಗಿದು ಬ್ಯಾಂಡ್ ಒಳಗೆ ಹೋದಾಗ ಇಡೀ ಹಾಲ್ ಎದ್ದು ಟಾಯ್ಲೆಟ್ಟಿಗೆ ಓಡುತ್ತೆ, ಹಾಗಾಗಿ ನಾನು ಹಾಡು ಶುರುವಾದ ಕೂಡಲೇ ಹೊರಟರೆ ಟಾಯ್ಲೆಟ್ಟೂ ಖಾಲಿ, ಬಿಯರ್ ಕೌಂಟರೂ ಖಾಲಿ, ಆರಾಮಾಗಿ ಎರಡೂ ಮುಗಿಸಿಕೊಂಡು ಎನ್‌ಕೋರ್‌ಗೆ (ಬ್ಯಾಂಡ್ ವಾಪಸ್ ಬಂದು ನುಡಿಸುವ ಕೊನೆಯ ಹಾಡುಗಳಿಗೆ) ಸರಿಯಾಗಿ ಸೀಟಿನಲ್ಲಿರಬಹುದು ಅನ್ನೋದು ನನ್ನ ಲೆಕ್ಕ. ಹೊಸ ಹಾಡು ತಾನೇ, ಆಲ್ಬಮ್ ಬಂದಾಗ ಮನೇಲಿ ಕೇಳಿದರಾಯ್ತು. ಈ ಕೊನೆಯ ವಾಕ್ಯವೇ ನನ್ನ ತಪ್ಪು, ಉಳಿದದ್ದೆಲ್ಲ ಸುಮ್ನೆ ಅದರ ಬಾಲ.

ಆಚೆ ಹೋದರೆ ಅಲ್ಲಿ ಐವತ್ತು ದಾಟಿದ ಅರ್ಧ ಲಂಡನ್ ನಿಂತಿತ್ತು. ಎಲ್ಲರದ್ದೂ ಅದೇ ಲೆಕ್ಕ! ಬ್ಯಾಂಡಿನ ಸೈಮನ್ ಗ್ಯಾಲಪ್‌ನ ಬೇಸ್ ಗಿಟಾರ್ ಗೋಡೆಯಾಚೆಯಿಂದ ಗುಂಯ್ ಅಂತ ಕೇಳಿಸ್ತಿತ್ತು, ಕ್ಯೂ ಕದಲಲಿಲ್ಲ. ಬಿಟ್ಟು ವಾಪಸ್ ಬರೋಣ ಅಂದರೆ ಇಷ್ಟು ಹೊತ್ತು ನಿಂತಿದ್ದು ದಂಡ ಅಲ್ವಾ ಅನಿಸಿ ಅಲ್ಲೇ ನಿಂತೆ. ಎನ್‌ಕೋರ್ ಶುರುವಾಗಿ ಇನ್ನೊಂದು ಹೊಸ ಹಾಡೂ ಹೋಯಿತು. ಸೀಟಿಗೆ ಬಂದರೆ ಜೊತೆಗಿದ್ದ ಮಂಗಳೂರಿನ ಗೆಳೆಯ ಕಣ್ಣು ಒರೆಸಿಕೊಳ್ತಿದ್ದ. "ಎಲ್ಲಿ ಹೋಗಿದ್ದಿ ಮಾರಾಯ? ಸ್ಮಿತ್‌ನ ಅಣ್ಣ ತೀರಿಹೋದದ್ದಕ್ಕೆ ಬರೆದ ಹಾಡಂತೆ ಇದು." ಅದು 'ಐ ಕ್ಯಾನ್ ನೆವರ್ ಸೇ ಗುಡ್‌ಬೈ'.

ಮನೇಲಿ ಕೇಳಿದರಾಯ್ತು ಅಂದುಕೊಂಡ ಆಲ್ಬಮ್ ಬರಲು 2024ರ ನವೆಂಬರ್ 1 ಆಯಿತು. 'ಸಾಂಗ್ಸ್ ಆಫ್ ಎ ಲಾಸ್ಟ್ ವರ್ಲ್ಡ್', ಬರೀ ಎಂಟು ಹಾಡು. ಮೊದಲನೆಯದು 'ಅಲೋನ್', ಕೊನೆಯದು 'ಎಂಡ್‌ಸಾಂಗ್'. ಟೂರಿನ ಮೇನ್ ಸೆಟ್ ಶುರುವಾಗ್ತಿದ್ದದ್ದೂ ಮುಗೀತಿದ್ದದ್ದೂ ಇವೇ ಹಾಡುಗಳಿಂದ! ಅಂದರೆ ಆಲ್ಬಮ್ಮಿನ ಮೊದಲೂ ಕೊನೆಯೂ ಎರಡು ವರ್ಷ ಮುಂಚೆಯೇ ನನ್ನೆದುರು ಸ್ಟೇಜಿನ ಮೇಲಿತ್ತು, ನಾನು ಕೊನೆಯನ್ನ ಬಿಟ್ಟು ಬಿಯರಿಗೆ ನಿಂತಿದ್ದೆ. ಬಿಡುಗಡೆಯ ರಾತ್ರಿ ಲಂಡನ್ನಿನ ಟ್ರಾಕ್ಸಿ ಹಾಲಿನಲ್ಲಿ ಮೊದಲು ಇಡೀ ಆಲ್ಬಮ್ಮನ್ನೇ ನುಡಿಸಿದರು, ಹಳೆಯದೆಲ್ಲ ಆಮೇಲೆ. ಅಷ್ಟೊತ್ತಿಗೆ ನಾನು ಬೆಂಗಳೂರಿಗೆ ವಾಪಸಾಗಿದ್ದೆ. ಮಧ್ಯರಾತ್ರಿ ದಾಟಿದ ಮೇಲೆ ಯೂಟ್ಯೂಬ್ ಲೈವ್‌ನಲ್ಲಿ, ಕಿವಿಗೆ ಇಯರ್‌ಫೋನ್ ಹಾಕಿಕೊಂಡು ನೋಡಿದೆ. ಆಲ್ಬಮ್ ಬ್ರಿಟನ್ನಿನಲ್ಲಿ ನಂಬರ್ ಒನ್ ಆಯಿತು. 1992ರ 'ವಿಶ್' ಆದಮೇಲೆ ಅವರಿಗೆ ಅದೇ ಮೊದಲು.

ಅದಕ್ಕೇ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಹಳೇ ಹಾಡು ಕೇಳಬೇಕಾದರೆ ಹೊಸದನ್ನ ಸಹಿಸಿಕೊಳ್ಳಬೇಕು ಅನ್ನೋ ಥರ ಬರೆದಿದ್ದೀರಿ. ಇಷ್ಟು ವರ್ಷದ ಮೇಲೆ ಅವರು ಸ್ಟೇಜ್ ಹತ್ತಿರೋದೇ ಆ ಹೊಸ ಹಾಡುಗಳಿಗೆ. ಬ್ಲಾಂಡಿ ಅನ್ನೋ ಅಮೆರಿಕನ್ ಬ್ಯಾಂಡು 1982ರ ನಂತರ ಆಲ್ಬಮ್ಮೇ ಮಾಡದೆ 1999ರಲ್ಲಿ 'ನೋ ಎಕ್ಸಿಟ್' ತಂದಾಗ ಅದರ 'ಮರಿಯಾ' ಕೂಡ ಯಾರೂ ಕೇಳಿರದ ಹಾಡೇ. ಅದು ಬ್ರಿಟನ್ನಿನಲ್ಲಿ ನಂಬರ್ ಒನ್. ಇನ್ನು ಅಮೆರಿಕದ್ದೇ ಬ್ಯಾಂಡ್ ದಿ ಕಾರ್ಸ್: 1987ರ ಆಲ್ಬಮ್ ಆದಮೇಲೆ 2011ರಲ್ಲಿ 'ಮೂವ್ ಲೈಕ್ ದಿಸ್', ಅದಕ್ಕೊಂದು ಚಿಕ್ಕ ಟೂರ್. ಅದೇ ಅವರ ಕೊನೆಯ ಟೂರ್. 2019ರಲ್ಲಿ ಅವರ ಗಾಯಕ ರಿಕ್ ಒಕಾಸೆಕ್ ತೀರಿಕೊಂಡ. ಆ ಟೂರಿನಲ್ಲಿ ಬಿಯರ್ ಕೌಂಟರಿನಲ್ಲಿ ನಿಂತವರು ಮುಂದಿನ ಸಲ ಕೇಳೋಣ ಅಂದುಕೊಂಡಿರಬಹುದು.

ಎಲ್ಲಾ ಕಮ್‌ಬ್ಯಾಕ್ ಆಲ್ಬಮ್ಮೂ ಚೆನ್ನಾಗಿರುತ್ತೆ ಅಂತ ಹೇಳ್ತಿಲ್ಲ. ಎಷ್ಟೋ ನೀರಸ. ಆದರೆ ಅದನ್ನ ಸೀಟಿನಲ್ಲಿ ಕೂತು ತೀರ್ಮಾನ ಮಾಡಿ.

ಟಿಕೆಟ್ ಮಾರಬೇಡಿ. ಈಗಾಗಲೇ ಬಿಡುಗಡೆಯಾಗಿರೋ ಸಿಂಗಲ್‌ಗಳನ್ನ (ಬಿಡಿ ಹಾಡುಗಳನ್ನ) ಹೋಗುವ ಮುಂಚೆ ಎರಡು ಮೂರು ಸಲ ಕೇಳಿಕೊಳ್ಳಿ, ಆಗ ಹಾಲಿನಲ್ಲಿ ಅಪರಿಚಿತ ಅನಿಸಲ್ಲ. ಬಾಗಿಲು ತೆರೆದ ತಕ್ಷಣ ಟಾಯ್ಲೆಟ್ಟಿಗೆ ಹೋಗಿಬನ್ನಿ. ಮಧ್ಯದಲ್ಲಿ ಏಳಲೇಬೇಕು ಅಂದರೆ ನಿಮ್ಮ ಬ್ಯಾಂಡಿನ ಅತಿ ದೊಡ್ಡ ಹಿಟ್ ಬಂದಾಗ ಏಳಿ, ಅದನ್ನ ಇಡೀ ಹಾಲ್ ಹಾಡುತ್ತೆ, ಟಾಯ್ಲೆಟ್ಟಿನೊಳಗೂ ಚೆನ್ನಾಗಿ ಕೇಳಿಸುತ್ತೆ.