ಕಾರ್ಡ್ ಇದೆ, ಯಾದಿಯಲ್ಲಿ ಹೆಸರಿಲ್ಲ

ಪ್ರಶ್ನೆ: ನಮ್ಮ ಕಟ್ಟಡ ರೀಡೆವಲಪ್‌ಮೆಂಟ್‌ಗೆ ಹೋಗಿ ಎರಡು ವರ್ಷವಾಯಿತು, ಬೇರೆ ಕಡೆ ಬಾಡಿಗೆಗಿದ್ದೇವೆ. ಪಾಲಿಕೆ ಚುನಾವಣೆಗೆ ವೋಟರ್ ಕಾರ್ಡ್ ಹಿಡಿದು ಹೋದರೆ ಹೆಸರೇ ಇಲ್ಲ ಎಂದರು. ಯಾಕೆ ಹೀಗೆ?
– ಓದುಗರು, ಮುಲುಂಡ್

ಉತ್ತರ: ಕಾರ್ಡ್ ನಿಮ್ಮ ಗುರುತಿಗೆ ಮಾತ್ರ, ಮತ ಹಾಕಲು ಯಾದಿಯಲ್ಲಿ ಹೆಸರಿರಬೇಕು. ಪಾಲಿಕೆ ಚುನಾವಣೆ ರಾಜ್ಯ ಚುನಾವಣಾ ಆಯೋಗದ್ದು, ಆದರೆ ಹೆಸರುಗಳು ಬರುವುದು ಭಾರತ ಚುನಾವಣಾ ಆಯೋಗದ ವಿಧಾನಸಭಾ ಯಾದಿಯಿಂದ. ಒಂದು ದಿನ ಗೊತ್ತುಮಾಡಿ, ಅಂದು ಅದರಲ್ಲಿದ್ದ ಹೆಸರುಗಳನ್ನಷ್ಟೇ ಮುಂಬಯಿಯ 227 ವಾರ್ಡುಗಳಿಗೆ ಹಂಚುತ್ತಾರೆ. 2026ರ ಜನವರಿ 15ರ ಮತದಾನಕ್ಕೆ ಆ ದಿನ 2025ರ ಜುಲೈ 1 ಆಗಿತ್ತು. ಪ್ರಚಾರದ ರಿಕ್ಷಾ ಓಣಿಗೆ ಬರುವ ಹೊತ್ತಿಗೆ ಆರು ತಿಂಗಳು ತಡವಾಗಿತ್ತು ಎಂದಾಯಿತು.

ಹೆಸರು ಎರಡು ರೀತಿಯಲ್ಲಿ ತಪ್ಪಿರಬಹುದು. ಕೆಡವಿದ ಕಟ್ಟಡ ನೋಡಿದ ಬೂತ್ ಅಧಿಕಾರಿ (ಬಿಎಲ್‌ಒ) ‘ಸ್ಥಳಾಂತರ’ ಎಂದು ಬರೆದರೆ ಹೆಸರು ತೆಗೆಯುವ ಕ್ರಮ ಶುರುವಾಗುತ್ತದೆ. ನೋಟಿಸ್ ಹೋಗುವುದು ಹಳೇ ವಿಳಾಸಕ್ಕೆ. ಅಲ್ಲಿ ತಗಡಿನ ಬೇಲಿ ಬಿಟ್ಟರೆ ಏನಿದೆ? ಇನ್ನೊಂದು, ಹಂಚಿಕೆಯ ತಪ್ಪು. ವಾರ್ಡಿನ ಗಡಿ ರಸ್ತೆಯ ನಡುವೆ ಹಾದಾಗ ಎಡಬದಿಯ ಕಟ್ಟಡ ಬಲಬದಿಯ ವಾರ್ಡಿಗೆ ಸೇರಿಬಿಡುತ್ತದೆ. ಇದನ್ನು ವಾರ್ಡುವಾರು ಕರಡು ಯಾದಿ ಬಂದಾಗ ಆಕ್ಷೇಪ ಕೊಟ್ಟು ಸರಿಪಡಿಸಿಕೊಳ್ಳಬಹುದು. ಹೊಸ ಹೆಸರನ್ನು ಮಾತ್ರ ಆಗ ಸೇರಿಸುವುದಿಲ್ಲ.

ಆದ್ದರಿಂದ ಮುಂದಿನ ಚುನಾವಣೆಗೆ ಕಾಯಬೇಡಿ. ಭಾರತ ಚುನಾವಣಾ ಆಯೋಗದ ವೋಟರ್ ಪೋರ್ಟಲ್‌ನಲ್ಲಿ ಎಪಿಕ್ ನಂಬರ್ (ವೋಟರ್ ಕಾರ್ಡಿನ ನಂಬರ್) ಹಾಕಿ ನೋಡಿ. ಹೆಸರಿದ್ದರೆ ಫಾರ್ಮ್ 8ರಲ್ಲಿ ವಿಳಾಸ ಬದಲಿಸಿ. ತೆಗೆದುಹಾಕಿದ್ದರೆ ಹೊಸದಾಗಿ ಸೇರಿಸಲು ಫಾರ್ಮ್ 6. ಬಾಡಿಗೆ ಮನೆಗೆ ನೋಂದಾಯಿತ ಲೀವ್ ಆಂಡ್ ಲೈಸೆನ್ಸ್ ಕರಾರು ನಡೆಯುತ್ತದೆ. ಮಹಾರಾಷ್ಟ್ರದಲ್ಲಿ ಅದರ ನೋಂದಣಿ ಕಡ್ಡಾಯ, ಮಾಲೀಕರಲ್ಲಿ ಪ್ರತಿ ಕೇಳಿ ಪಡೆಯಿರಿ. ಹೊಸ ಸೊಸೈಟಿಯ ವಾಚ್‌ಮನ್‌ಗೂ ಹೇಳಿಡಿ: ಬಿಎಲ್‌ಒ ಗೇಟಿನಿಂದಲೇ ವಾಪಸಾದರೆ ಅರ್ಜಿ ತಿರಸ್ಕೃತವಾಗಬಹುದು.

ಪ್ರಶ್ನೆ: ಉಡುಪಿಯಲ್ಲಿ ತಂದೆಯ ಮನೆಯಿದೆ, ಅಲ್ಲಿನ ಯಾದಿಯಲ್ಲಿ ಹೆಸರಿದೆ. ಇಲ್ಲೂ ಸೇರಿಸಬಹುದೇ?
– ಓದುಗರು, ಭಾಂಡುಪ್

ಉತ್ತರ: ಇಲ್ಲ. ಎರಡು ಕಡೆ ಹೆಸರಿಡುವುದಕ್ಕೆ 1950ರ ಜನಪ್ರಾತಿನಿಧ್ಯ ಕಾಯ್ದೆಯಲ್ಲಿ ಅವಕಾಶವಿಲ್ಲ. ಸುಳ್ಳು ಘೋಷಣೆಗೆ ಒಂದು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ. ಮನೆಯ ಒಡೆತನ ಲೆಕ್ಕಕ್ಕಿಲ್ಲ, ವಾಸ ಎಲ್ಲಿ ಎಂಬುದೇ ಮುಖ್ಯ. ಊರಿನ ಮೇಲಿನ ಪ್ರೀತಿ ಅರ್ಥವಾಗುತ್ತದೆ, ಆದರೆ ನಿಮ್ಮ ನೀರು, ಚರಂಡಿ, ಕಸ ನೋಡಿಕೊಳ್ಳುವವರು ಇಲ್ಲಿನ ನಗರಸೇವಕರು (ಪಾಲಿಕೆ ಸದಸ್ಯರು). ಫಾರ್ಮ್ 6 ತುಂಬಬೇಡಿ, ಅದರಿಂದಲೇ ಎರಡು ನಮೂದು ಹುಟ್ಟುವುದು. ಫಾರ್ಮ್ 8 ಕೊಟ್ಟರೆ ಹಳೇ ನಮೂದು ಹೋಗಿ ಎಪಿಕ್ ನಂಬರ್ ಅದೇ ಉಳಿಯುತ್ತದೆ.

ಪ್ರಶ್ನೆ: ಪೋರ್ಟಲ್‌ನಲ್ಲಿ ಹೆಂಡತಿಯ ಹೆಸರು ಸಿಗುತ್ತದೆ, ನನ್ನದು ಸಿಗುವುದಿಲ್ಲ. ನನ್ನ ಕಾರ್ಡ್ ಕಳೆದುಹೋಗಿದೆ.
– ಓದುಗರು, ಡೊಂಬಿವಿಲಿ

ಉತ್ತರ: ನಮ್ಮವರಿಗೆ ಇದು ಬಹಳ ಸಲ ಆಗುವ ತೊಂದರೆ. ಇಲ್ಲಿ ಅಡ್ಡಹೆಸರು (ಸರ್‌ನೇಮ್), ಸ್ವಂತ ಹೆಸರು, ತಂದೆಯ ಹೆಸರು ಎಂಬ ಕ್ರಮ ರೂಢಿ. ಊರಿನ ಇನಿಷಿಯಲ್ ಇಟ್ಟುಕೊಂಡ ‘ಕೆ. ಆರ್. ಸದಾಶಿವ’ ಎಂಬ ಹೆಸರಿನಲ್ಲಿ ಅಡ್ಡಹೆಸರು ಯಾವುದೆಂದು ಟೈಪ್ ಮಾಡುವವರಿಗೆ ತಿಳಿಯದು; ಸದಾಶಿವವೇ ಅಡ್ಡಹೆಸರಾಗಿಬಿಡುತ್ತದೆ. ಮರಾಠಿ ಬರಹದಲ್ಲಿ ಹ್ರಸ್ವ ಎ, ಒ ಇಲ್ಲದ್ದರಿಂದ ಹೆಗ್ಡೆ ‘ಹೇಗಡೇ’ ಆಗುತ್ತದೆ. ನಿಮ್ಮ ಹೆಂಡತಿಯ ನಮೂದಿನಲ್ಲಿ ಯಾದಿಯ ಭಾಗದ ನಂಬರ್ ಇರುತ್ತದೆ. ಆ ಭಾಗದ ಪಿಡಿಎಫ್ ಇಳಿಸಿಕೊಂಡು ಅವರ ಹೆಸರಿನ ಹಿಂದೆಮುಂದೆ ನೋಡಿ. ಯಾದಿ ಮನೆಗಳ ಕ್ರಮದಲ್ಲಿರುತ್ತದೆ, ಅಕ್ಷರಮಾಲೆಯ ಕ್ರಮದಲ್ಲಲ್ಲ. ಹೆಸರು ಸಿಕ್ಕರೆ ಕಾಗುಣಿತ ತಿದ್ದುವುದಕ್ಕೂ ಬದಲಿ ಕಾರ್ಡಿಗೂ ಫಾರ್ಮ್ 8.

ಪ್ರಶ್ನೆ: ಪುಣೆಯಲ್ಲಿ ನಾಲ್ಕು ಸಲ ಗುಂಡಿ ಒತ್ತಿಸಿದರು. ಮುಂಬಯಿಯ ತಮ್ಮನಿಗೆ ಒಂದೇ ಸಲ!
– ಓದುಗರು, ಪುಣೆ

ಉತ್ತರ: ಮುಂಬಯಿಯಲ್ಲಿ ವಾರ್ಡಿಗೊಬ್ಬ ಸದಸ್ಯ. ಪುಣೆಯ ಬಹುತೇಕ ಪ್ರಭಾಗಗಳಲ್ಲಿ (ವಾರ್ಡುಗಳಲ್ಲಿ) ನಾಲ್ಕು ಸ್ಥಾನ, ಪ್ರತಿಯೊಂದಕ್ಕೂ ಒಂದು ಮತ. ಯಾರೂ ಹಿಡಿಸದ ಸ್ಥಾನಕ್ಕೆ ‘ನೋಟಾ’ ಒತ್ತಿ. ನಡುವೆ ಬಿಟ್ಟು ಹೊರಬರಬೇಡಿ.

ಪ್ರಶ್ನೆ: ನಮ್ಮ ಹೋಟೆಲಿನ ಹುಡುಗರು ಹೋಟೆಲಿನಲ್ಲೇ ಮಲಗುತ್ತಾರೆ. ಲೈಟ್ ಬಿಲ್ ಇಲ್ಲ, ಕರಾರಿಲ್ಲ. ನೋಂದಣಿ ಸಾಧ್ಯವೇ?
– ಓದುಗರು, ಮಾಟುಂಗಾ

ಉತ್ತರ: ಸಾಧ್ಯ, ಖಂಡಿತ ಮಾಡಿಸಿ. ಎಲ್ಲೂ ಹೆಸರಿಲ್ಲದವರಿಗೆ ಫಾರ್ಮ್ 6, ಊರಿನ ಯಾದಿಯಲ್ಲಿದ್ದವರಿಗೆ ಫಾರ್ಮ್ 8. ವಿಳಾಸದ ದಾಖಲೆ ಇಲ್ಲದಿದ್ದರೆ ಬಿಎಲ್‌ಒ ಸ್ಥಳಕ್ಕೆ ಬಂದು ನೋಡಲೇಬೇಕು. ವಯಸ್ಸಿಗೆ ಹತ್ತನೇ ತರಗತಿಯ ಅಂಕಪಟ್ಟಿ ಸಾಕು. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1 – ಈ ನಾಲ್ಕು ದಿನಗಳಲ್ಲಿ ಯಾವುದಕ್ಕೆ 18 ತುಂಬುತ್ತದೋ ಅದಕ್ಕೆ ಸೇರಿಸುತ್ತಾರೆ. 17 ದಾಟಿದವರು ಮೊದಲೇ ಅರ್ಜಿ ಕೊಡಬಹುದು. ಬಿಎಲ್‌ಒ ಬಂದಾಗ ಹುಡುಗ ಒಳಗೆ ದೋಸೆ ಹುಯ್ಯುತ್ತಿದ್ದರೂ ಒಂದು ನಿಮಿಷ ಹೊರಗೆ ಕಳಿಸಿ. ಗಲ್ಲಾದಲ್ಲಿ ಕೂತವರು ‘ಊರಿಗೆ ಹೋಗಿದ್ದಾನೆ’ ಎಂದುಬಿಟ್ಟರೆ ಅರ್ಜಿ ಅಲ್ಲಿಗೇ ಮುಗಿಯುತ್ತದೆ.