ಬಾಕಿದಾರರ ಪಟ್ಟಿ ಎಐ ಕೈಗೆ

ಪ್ರಶ್ನೆ: ನಾನು ಬೆಳೆಗಾರರ ಸೊಸೈಟಿಯಲ್ಲಿ ಗುಮಾಸ್ತ. ಸಾಲ ಬಾಕಿಯವರ ಪಟ್ಟಿಯನ್ನು ಆಧಾರ್, ಖಾತೆ ನಂಬರ್ ಸಮೇತ ಉಚಿತ ಎಐ ಆ್ಯಪ್‌ಗೆ ಹಾಕಿ ನೋಟಿಸ್ ಬರೆಸಿದೆ. ಸೆಕ್ರೆಟರಿ ಬೈದರು. ತಪ್ಪಾ ಸಾರ್?
– ಓದುಗ, ಮೂಡಿಗೆರೆ

ಉತ್ತರ: ತಪ್ಪೇ. ಆದರೆ ಸುಮ್ನೆ ಬೈದರೆ ಆಯ್ತಾ? ಏನು ಹಾಕಬಹುದು, ಏನು ಹಾಕಬಾರದು ಅಂತ ಸೆಕ್ರೆಟರಿ ಮೊದಲೇ ಬರೆದಿಡಬೇಕಿತ್ತು, ಅಲ್ವಾ? ನೋಟಿಸ್ ಬರೆಯೋಕೆ ಎಐಗೆ ಆಧಾರ್ ಯಾಕೆ? ‘ಸದಸ್ಯ 1, ಬಾಕಿ ಇಷ್ಟು’ ಅಂದರೆ ಸಾಕು. ಹೆಸರು ಆಮೇಲೆ ನೀವೇ ತುಂಬಿ. ಇಂಥ ಆ್ಯಪ್‌ಗೆ ಹಾಕಿದ್ದು ಅದರ ತರಬೇತಿಗೂ, ಅಂದರೆ ಎಐಗೆ ಕಲಿಸೋಕೂ ಹೋಗಬಹುದು. ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆಫ್ ಮಾಡಿ, ಆ ಚಾಟ್ ಅಳಿಸಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ಮಾಹಿತಿ ಜೋಪಾನ ಮಾಡದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ಇದೆ. ಎಷ್ಟು ಚೀಲ ಕಾಫಿ ಮಾರಬೇಕೋ ಲೆಕ್ಕ ಹಾಕಿ! ಆ ಲೆಕ್ಕ ಬೇಕಾದರೆ ಎಐ ಹತ್ತಿರವೇ ಮಾಡಿಸಿ.