ಬೆನ್ನ ಮೇಲಿನ ಕೆಂಪು ಗೆರೆ

ಪ್ರಶ್ನೆ: ನಾನು ಎಂಬಿಬಿಎಸ್ ಓದುತ್ತಿದ್ದೇನೆ. ವಿಯೆಟ್ನಾಂನ ಗುಡ್ಡಗಾಡಿನ ಆರೋಗ್ಯ ಶಿಬಿರಕ್ಕೆ ಸ್ವಯಂಸೇವಕಿಯಾಗಿ ಹೋಗುವ ಆಸೆ. ನೀವು ಹೋಗಿದ್ದಿರಲ್ವಾ ಡಾಕ್ಟರೇ, ಅಲ್ಲಿ ನಮಗೇನು ಕೆಲಸ?

ಉತ್ತರ: ಹೋಗಮ್ಮ. ಬಿಪಿ ನೋಡೋದು, ರೋಗಿಯ ವಿವರ ಚೀಟಿಯಲ್ಲಿ ಬರೆಯೋದು, ಅಷ್ಟೇ ಕೆಲಸ. ಔಷಧಿ ಕೊಡೋಕೆ ದೊಡ್ಡವರಿರುತ್ತಾರೆ. ಉತ್ತರದ ಗುಡ್ಡಗಾಡು ಹಾ ಜಿಯಾಂಗ್ ಕಡೆಯ ಎಷ್ಟೋ ಹ್ಮಾಂಗ್ ಬುಡಕಟ್ಟಿನ ಅಜ್ಜಿಯರಿಗೆ ವಿಯೆಟ್ನಾಮಿ ಭಾಷೆಯೇ ಬರುವುದಿಲ್ಲ. ನಮ್ಮ ಇಂಗ್ಲಿಷ್ ಪ್ರಶ್ನೆ ಇಬ್ಬರು ದುಭಾಷಿಗಳ ಬಾಯಿ ದಾಟಿ ಅವರನ್ನು ಮುಟ್ಟಬೇಕು. ಹಾಗಾಗಿ ಚಿಕ್ಕದಾಗಿ ಕೇಳು.

ಬೆನ್ನ ಮೇಲೆ ಉದ್ದುದ್ದ ಕೆಂಪು ಗೆರೆ ಕಂಡರೆ ಯಾರೋ ಹೊಡೆದಿದ್ದಾರೆ ಅಂತ ಗಾಬರಿಯಾಗಬೇಡ. ನೆಗಡಿ, ಜ್ವರ, ಮೈಕೈ ನೋವಿಗೆ ಮುಲಾಮು ಸವರಿ ನಾಣ್ಯದಿಂದಲೋ ಚಮಚದಿಂದಲೋ ಕೆರೆದ ಗುರುತು ಅದು. ನಾಲ್ಕಾರು ದಿನದಲ್ಲಿ ಮಾಸುತ್ತದೆ. ನಾನು ನೋಡಿದ ಅಜ್ಜಿಯೊಬ್ಬರು ಅಂಗಿ ಎತ್ತೋಕೇ ಒಪ್ಪಲಿಲ್ಲ. ಹಿಂದಿನ ಸಲ ಶಿಬಿರಕ್ಕೆ ಬಂದವರು ಈ ಗೆರೆ ನೋಡಿ ಬೈದಿದ್ದರಂತೆ! ನೀನು ಬೈಯಬೇಡ. ಸುಮ್ನೆ, ಜ್ವರ ಯಾವತ್ತಿನಿಂದ ಅಂತ ಕೇಳು.